ಬಿರುಕು ಮುಚ್ಚುವ ಮುನ್ನ ಉಸಿರು ಕಾಯಿರಿ

ರೋಹಿಣಿ ಮುಗಿದು ಮಿರಗ ಕೂಡುವುದರೊಳಗೆ ಮಾಳಿಗೆಯ ಸೋರಿಕೆ ನಿಲ್ಲಿಸಬೇಕೆಂಬ ಅವಸರ ಕಲಬುರಗಿ ಸೀಮೆಯ ಮನೆಮನೆಯಲ್ಲೂ ಇರುತ್ತದೆ. ಹಿಂದೆ ಮಣ್ಣಿನ ಮಾಳಿಗೆಗೆ ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ಆಮೇಲೆ ಫರಸಿ ಕಲ್ಲಿನ ಮಾಳಿಗೆ ಬಂತು, ಸಂದಿಗಳಿಗೆ ಸಿಮೆಂಟು ಬಂತು, ಡಾಂಬರು ಬಂತು. ಈಗ ಪೇಟೆಯ ಬಣ್ಣದ ಅಂಗಡಿಗೆ ಹೋದರೆ ಪಾಲಿಯುರೆಥೇನ್ ಸೀಲಂಟ್ ಎಂಬ ಅಂಟು ಕೊಳವೆಯಲ್ಲಿ ಸಿಗುತ್ತದೆ. ಅಂಗಡಿಯವರು ಇದನ್ನು ಚಿಕ್ಕದಾಗಿ ‘ಪಿಯು’ ಎನ್ನುತ್ತಾರೆ. ಬಿರುಕಿಗೆ ತುಂಬಿದರೆ ರಬ್ಬರಿನಂತೆ ಗಟ್ಟಿಯಾಗಿ, ಗೋಡೆ ಅಲುಗಾಡಿದರೂ ಹಿಗ್ಗಿ ಕುಗ್ಗಿ ನೀರು ತಡೆಯುವ ಒಳ್ಳೆಯ ವಸ್ತು ಇದು.

ಆರೋಗ್ಯದ ಅಂಕಣದಲ್ಲಿ ಅಂಟಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಎಂಟು ದಿನದಿಂದ ಒಣಕೆಮ್ಮು, ರಾತ್ರಿ ಎದೆ ಬಿಗಿಯುತ್ತದೆ, ಕಣ್ಣು ಉರಿಯುತ್ತದೆ ಎಂದು ವೈದ್ಯರ ಬಳಿಗೆ ಹೋದವರು ತಾವು ಏನು ತಿಂದೆವು, ಎಲ್ಲಿ ನೆನೆದೆವು ಎಂಬುದನ್ನೆಲ್ಲ ಹೇಳುತ್ತಾರೆ. ಮೊನ್ನೆ ಎರಡು ದಿನ ಮಾಳಿಗೆ ಕೆರೆದೆ, ಹಳೇ ಬಣ್ಣ ಉಜ್ಜಿದೆ, ತಿನ್ನರ್ ಹಾಕಿ ಒರೆಸಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ಮನೆಗೆಲಸ, ಅದಕ್ಕೂ ಕೆಮ್ಮಿಗೂ ಏನು ಸಂಬಂಧ ಎಂಬುದು ಅವರ ಎಣಿಕೆ. ಸಂಬಂಧ ಬಹಳ ಇದೆ. ಈ ಕೆಲಸದ ಅಪಾಯ ಬಹುಪಾಲು ಇರುವುದು ಅಂಟು ಹಚ್ಚುವ ಹತ್ತು ನಿಮಿಷದಲ್ಲಿ ಅಲ್ಲ. ಅದಕ್ಕೆ ಮುಂಚೆ ಜಾಗವನ್ನು ಹಸನು ಮಾಡುವ ಎರಡು ದಿನಗಳಲ್ಲಿ.

ಬಿರುಕು ಏಕೆ ಮರುಕಳಿಸುತ್ತದೆ?

ಸಕ್ಕರೆ ಕಾರ್ಖಾನೆ ಇರುವ ಭೂಸನೂರನ್ನೇ ತೆಗೆದುಕೊಳ್ಳಿ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಬಹುಭಾಗದಂತೆ ಇದೂ ಎರೆ ಭೂಮಿಯ ಸೀಮೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಕೈ ಇಳಿಯುವಷ್ಟು ಸೀಳು ಬಿಡುವ ನೆಲ ಮನೆಯ ಪಾಯದ ಕೆಳಗೆ ಸುಮ್ಮನಿರುವುದಿಲ್ಲ. ಇದರ ಜೊತೆಗೆ ಮೇ ತಿಂಗಳ 42–43 ಡಿಗ್ರಿ ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ. ಸಿಮೆಂಟು ಬಾಗುವ ವಸ್ತುವಲ್ಲ. ಆದ್ದರಿಂದ ಹೋದ ವರ್ಷ ತುಂಬಿದ ಸಂದಿಯೇ ಈ ವರ್ಷ ಮತ್ತೆ ಒಡೆಯುತ್ತದೆ. ಹಿಗ್ಗಿ ಕುಗ್ಗುವ ಪಾಲಿಯುರೆಥೇನ್ ಇಲ್ಲಿ ನಿಜಕ್ಕೂ ಪ್ರಯೋಜನಕ್ಕೆ ಬರುತ್ತದೆ. ಆದರೆ ಬೆರಳು ತೂರುವಷ್ಟು ಅಗಲವಾದ, ದಿನೇ ದಿನೇ ದೊಡ್ಡದಾಗುವ ಬಿರುಕು ಅಂಟಿನಿಂದ ಮುಚ್ಚುವಂಥದ್ದಲ್ಲ. ಅದನ್ನು ಎಂಜಿನಿಯರಿಗೆ ತೋರಿಸಬೇಕು.

ಈ ಅಂಟು ಎಷ್ಟೇ ಬೆಲೆಯದಾದರೂ ಧೂಳಿನ ಮೇಲೆ ಹಚ್ಚಿದರೆ ಧೂಳಿಗೆ ಅಂಟುತ್ತದೆ, ಕಲ್ಲಿಗೆ ಅಂಟುವುದಿಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಯೇ ಇದು ಗಟ್ಟಿಯಾಗುವುದು ನಿಜ. ಆದರೆ ಸಂದಿಯಲ್ಲೇ ನೀರಿದ್ದರೆ ಆ ನೀರಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಅಂಟಿನೊಳಗೆ ಗುಳ್ಳೆಗಳೇಳುತ್ತವೆ. ಎಣ್ಣೆ, ಡಾಂಬರು, ಹಳೆಯ ಸಿಲಿಕೋನ್ ಅಂಟು ಉಳಿದಿದ್ದರೂ ಹಿಡಿತ ಬರುವುದಿಲ್ಲ. ಅವಸರದಲ್ಲಿ ಹಚ್ಚಿದ್ದು ಒಂದೇ ಮಳೆಗಾಲದಲ್ಲಿ ಕಿತ್ತು ಬರುತ್ತದೆ. ಆಗ ಮತ್ತೆ ಕೆರೆಯಬೇಕು, ಮತ್ತೆ ಧೂಳು ಕುಡಿಯಬೇಕು. ಆದ್ದರಿಂದ ಜಾಗವನ್ನು ಸರಿಯಾಗಿ ಹಸನು ಮಾಡುವುದು ಮನೆಗೂ ಒಳ್ಳೆಯದು, ಶ್ವಾಸಕೋಶಕ್ಕೂ ಒಳ್ಳೆಯದು.

ಕಾಣುವ ಧೂಳು, ಕಾಣದ ಧೂಳು

ಹಳೆಯ ಗಾರೆ, ಸಿಮೆಂಟು ಕೆರೆದಾಗ ಏಳುವ ಧೂಳಿನಲ್ಲಿ ಎರಡು ಬಗೆ. ದಪ್ಪ ಧೂಳು ಮೂಗು, ಗಂಟಲಲ್ಲೇ ನಿಂತು ಸೀನು, ಕಫದ ಮೂಲಕ ಹೊರಬೀಳುತ್ತದೆ. ಕಣ್ಣಿಗೆ ಕಾಣದ ನಯವಾದ ಧೂಳು ಹಾಗಲ್ಲ. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಐದು ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿದು ಅಲ್ಲೇ ಕೂರಬಲ್ಲವು.

ಫರಸಿ ಕಲ್ಲು ಮುಖ್ಯವಾಗಿ ಸುಣ್ಣದ ಕಲ್ಲು. ಆದರೆ ಅದರ ಸಂದಿಗೆ ತುಂಬಿದ ಗಾರೆಯಲ್ಲಿ ಮರಳಿದೆ, ಮರಳಿನಲ್ಲಿ ಸಿಲಿಕಾ ಇದೆ. ವರ್ಷಗಟ್ಟಲೆ ಸಿಲಿಕಾ ಧೂಳು ಉಸಿರಾಡಿದವರಿಗೆ ಬರುವ ಕಾಯಿಲೆ ಸಿಲಿಕೋಸಿಸ್. ಭಾರತದಲ್ಲಿ ಇದು ಮೊದಲು ವರದಿಯಾದದ್ದು ನಮ್ಮ ನಾಡಿನಲ್ಲೇ, 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ. ಒಮ್ಮೆ ಶ್ವಾಸಕೋಶ ಗಾಯಗೊಂಡು ಗಟ್ಟಿಯಾದರೆ ಅದನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ವರ್ಷಕ್ಕೆ ಎರಡು ದಿನ ಸ್ವಂತ ಮಾಳಿಗೆ ಕೆರೆದವರಿಗೆ ಈ ರೋಗ ಬರುತ್ತದೆಂದು ಹೆದರಬೇಕಿಲ್ಲ. ಆದರೆ ನೀವು ಕರೆಸುವ ಗೌಂಡಿ ಇಂಥ ಕೆಲಸವನ್ನು ವರ್ಷವಿಡೀ ಮಾಡುತ್ತಾನೆ ಎಂಬುದನ್ನು ಮರೆಯಬೇಡಿ. ಇನ್ನು ಅಸ್ತಮಾ, ದಮ್ಮು ಇದ್ದವರಿಗೆ ಒಂದೇ ದಿನದ ಧೂಳು ಸಾಕು, ರಾತ್ರಿಯೆಲ್ಲ ಎದ್ದು ಕೂರಿಸುತ್ತದೆ.

ಉಪಾಯ ಸರಳವಾದದ್ದು. ಒಣಗಿದ್ದನ್ನು ಕೆರೆಯಬೇಡಿ. ಮೊದಲು ನೀರು ಚಿಮುಕಿಸಿ, ಒದ್ದೆ ಮಾಡಿ ಕೆರೆಯಿರಿ. ಒಣ ಕಸಬರಿಗೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಎತ್ತಿರಿ. ಒದ್ದೆಯಾದದ್ದು ಆಮೇಲೆ ಪೂರ್ತಿ ಒಣಗಬೇಕಾದ್ದರಿಂದ ಕೆಲಸವನ್ನು ಮಳೆ ಬರುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ ವಾರ ಮುಂಚೆಯೇ ಆರಂಭಿಸಿ. ಮೂಗಿಗೆ ಕಟ್ಟುವ ಟವೆಲ್ಲು, ದಸ್ತಿ, ಸೆರಗು ನಯವಾದ ಧೂಳನ್ನು ತಡೆಯುವುದಿಲ್ಲ. ಎನ್-95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ-2 ಮುಖಗವಸು ಮುಖಕ್ಕೆ ಬಿಗಿಯಾಗಿ ಕೂತರೆ ತಡೆಯುತ್ತದೆ.

ಮನೆಯ ಮೇಲ್ಛಾವಣಿ ಸಿಮೆಂಟ್ ಶೀಟಿನದಾಗಿದ್ದರೆ ಇನ್ನೂ ಎಚ್ಚರ ಬೇಕು. ನಮ್ಮಲ್ಲಿ ಹಾಕಿರುವ ಇಂಥ ಶೀಟುಗಳಲ್ಲಿ ಬಹಳಷ್ಟು ಆಸ್ಬೆಸ್ಟಾಸ್ ನಾರು ಬೆರೆತವು. ಈ ನಾರು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಅಂಥ ಶೀಟನ್ನು ತಂತಿ ಬ್ರಶ್ಶಿನಿಂದ ಉಜ್ಜುವುದು, ಕೊರೆಯುವುದು, ಒಡೆಯುವುದು ಬೇಡವೇ ಬೇಡ.

ಹಳೆಯ ಬಣ್ಣ: ಮಕ್ಕಳಿಗೆ ಮಾರಿ

ಕಿಟಕಿ, ಬಾಗಿಲಿನ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಗೂ ಈ ಅಂಟನ್ನು ಬಳಸುತ್ತಾರೆ. ಅಲ್ಲಿ ಮೊದಲು ಹಳೆಯ ಎಣ್ಣೆ ಬಣ್ಣ ಕೆರೆಯಬೇಕಾಗುತ್ತದೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಹೊರಬಿದ್ದು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಂದರೆ ಅದಕ್ಕೆ ಮುಂಚಿನ ಬಣ್ಣದಲ್ಲಿ, ವಿಶೇಷವಾಗಿ ಗಾಢ ಹಳದಿ, ಕೆಂಪು, ಹಸಿರು ಬಣ್ಣದಲ್ಲಿ, ಸೀಸ ಹೆಚ್ಚಾಗಿಯೇ ಇರಬಹುದು.

ಸೀಸ ದೊಡ್ಡವರಿಗೂ ವಿಷ, ಚಿಕ್ಕ ಮಕ್ಕಳಿಗಂತೂ ಘೋರ ವಿಷ. ನೆಲದ ಮೇಲೆ ಅಂಬೆಗಾಲಿಡುವ ಮಗು ಆ ಪುಡಿಯನ್ನು ಕೈಗೆ, ಕೈಯಿಂದ ಬಾಯಿಗೆ ಒಯ್ಯುತ್ತದೆ. ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ರಕ್ತಹೀನತೆ ಬರುತ್ತದೆ, ಓದಿನಲ್ಲಿ ಹಿಂದೆ ಬೀಳುತ್ತದೆ. ಇಷ್ಟು ಸೀಸವಾದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬಸುರಿಯ ದೇಹ ಸೇರಿದ ಸೀಸ ಹೊಟ್ಟೆಯಲ್ಲಿರುವ ಕೂಸನ್ನೂ ಮುಟ್ಟುತ್ತದೆ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿ, ಬೆಂಕಿ ಹಿಡಿದು ಸುಡಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಒದ್ದೆ ಮಾಡಿ ಕೆರೆದು, ಬಿದ್ದದ್ದನ್ನೆಲ್ಲ ಹಾಸಿನಲ್ಲೇ ಸುತ್ತಿ ಕಟ್ಟಿ. ಹಿತ್ತಲಿಗೆ, ತಿಪ್ಪೆಗೆ ಸುರಿಯಬೇಡಿ. ಕೋಳಿ, ಕುರಿ ಅದನ್ನು ಕೆದಕುತ್ತವೆ.

ಪಾಚಿ ತೆಗೆಯುವಾಗ

ಸೋರುವ ಜಾಗದಲ್ಲಿ ಪಾಚಿ, ಬೂಷ್ಟು ಕಟ್ಟಿರುತ್ತದೆ. ಬೂಷ್ಟಿನ ಬೀಜಕಣಗಳು ಅಸ್ತಮಾ ಕೆರಳಿಸುತ್ತವೆ. ಆದ್ದರಿಂದ ಇದನ್ನೂ ಒದ್ದೆ ಮಾಡಿಯೇ ತೆಗೆಯಬೇಕು. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಒಳ್ಳೆಯ ಮದ್ದು. ಆದರೆ ಇನ್ನೂ ಬೇಗ ಹೋಗಲಿ ಎಂದು ಅದರ ಮೇಲೆ ಸಂಡಾಸು ತೊಳೆಯುವ ಆಮ್ಲ ಸುರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೇ ಕುತ್ತು. ಬ್ಲೀಚಿಂಗ್ ಜೊತೆಗೆ ನೀರಲ್ಲದೆ ಬೇರೇನನ್ನೂ ಬೆರೆಸಬೇಡಿ. ಅರ್ಧ ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ. ಪುಡಿ ಉಳಿದರೆ ಅಂಟು ಹಿಡಿಯುವುದಿಲ್ಲ.

ತಿನ್ನರ್ ಎಂಬ ನೀರಲ್ಲದ ನೀರು

ಕಬ್ಬಿಣ, ಅಲ್ಯುಮಿನಿಯಂ, ತಗಡಿನ ಮೇಲಿನ ಜಿಡ್ಡು ತೆಗೆಯಲು ತಿನ್ನರ್ ಬಳಸುತ್ತಾರೆ. ಕಲ್ಲು, ಗಾರೆಗೆ ಸಾಮಾನ್ಯವಾಗಿ ಇದರ ಅಗತ್ಯವೇ ಇಲ್ಲ. ತಿನ್ನರಿನಲ್ಲಿರುವ ಟಾಲ್ವಿನ್, ಕ್ಸೈಲಿನ್‌ನಂಥ ದ್ರಾವಕಗಳ ಆವಿ ತಲೆನೋವು, ತಲೆಸುತ್ತು, ವಾಕರಿಕೆ ತರುತ್ತದೆ. ಅಮಲೂ ಬರುತ್ತದೆ, ಮಾಳಿಗೆಯ ಅಂಚಿನಲ್ಲಿ, ನಿಚ್ಚಣಿಕೆಯ ಮೇಲೆ ಅಮಲು ಬಂದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಧೂಳಿಗೆ ಹಾಕಿಕೊಂಡ ಎನ್-95 ಮುಖಗವಸು ಈ ಆವಿಯನ್ನು ತಡೆಯುವುದಿಲ್ಲ. ತೆರೆದ ಕಿಟಕಿ ಬಾಗಿಲುಗಳೇ ಮೊದಲ ರಕ್ಷಣೆ. ಒಳಕೋಣೆಯಲ್ಲಿ ಹೆಚ್ಚು ಹೊತ್ತು ಮಾಡುವವರಿಗೆ ಆವಿ ಹೀರುವ ಇದ್ದಿಲ ಡಬ್ಬಿಯ ಮುಖಗವಸು ಬೇಕು.

ತಿನ್ನರ್ ಬೆಂಕಿಗೂ ಹತ್ತಿರದ ನಂಟ. ಬೀಡಿ, ಒಲೆ, ದೇವರ ದೀಪ ಹತ್ತಿರವಿರಬಾರದು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಯಲಲ್ಲಿ ಹರಡಿ ಒಣಗಿಸಿ. ಎಲ್ಲಕ್ಕಿಂತ ಮುಖ್ಯವಾದ ಮಾತು: ಉಳಿದ ತಿನ್ನರನ್ನು ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ. ಬಾಯಾರಿದ ಮಗುವಿಗೆ ಅದು ನೀರಿನಂತೆಯೇ ಕಾಣುತ್ತದೆ.

ಅಂಟಿನೊಳಗಿನ ಐಸೊಸಯನೇಟ್

ಪಾಲಿಯುರೆಥೇನ್ ರಸಾಯನವನ್ನು 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಗಟ್ಟಿಯಾದ ಮೇಲೆ ಇದು ಸಾಧು ವಸ್ತು. ನಾವು ಮಲಗುವ ಫೋಮ್ ಹಾಸಿಗೆ, ಚಪ್ಪಲಿಯ ಅಟ್ಟೆಗಳಲ್ಲಿ ಇರುವುದೂ ಇದೇ. ಹಸಿಯಾಗಿರುವಾಗ ಮಾತ್ರ ಇದರಲ್ಲಿ ಐಸೊಸಯನೇಟ್ ಎಂಬ ಚುರುಕು ವಸ್ತು ಸ್ವಲ್ಪ ಇರುತ್ತದೆ.

ಈ ಹೆಸರು ಕೇಳಿ 1984ರ ಡಿಸೆಂಬರಿನ ಭೋಪಾಲ ನೆನಪಾಗುವುದು ಸಹಜ. ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್, ಬೇಗ ಆವಿಯಾಗುವ ವಿಷ. ಬಿರುಕಿನ ಅಂಟಿನಲ್ಲಿ ಸಾಮಾನ್ಯವಾಗಿ ಇರುವುದು ಅದೇ ಕುಲದ, ಆದರೆ ಸುಲಭವಾಗಿ ಆವಿಯಾಗದ ಎಂಡಿಐ. ಆದ್ದರಿಂದ ಭೋಪಾಲದ ಭಯ ಇಲ್ಲಿ ಬೇಡ. ಬೇಡವಾದದ್ದು ಉದಾಸೀನ ಕೂಡ. ಕೆಲವರ ದೇಹ ಐಸೊಸಯನೇಟಿಗೆ ಒಗ್ಗುವುದಿಲ್ಲ. ಉಸಿರಿನಿಂದಾಗಲಿ ಚರ್ಮದಿಂದಾಗಲಿ ಒಳಸೇರಿದ ಇದನ್ನು ದೇಹ ಶತ್ರುವೆಂದು ಗುರುತಿಸಿಟ್ಟುಕೊಂಡರೆ, ಮುಂದೆ ಒಂದು ತೊಟ್ಟಿನಷ್ಟು ಸೋಂಕಿದರೂ ಅಸ್ತಮಾ ಏಳುತ್ತದೆ. ಹಗಲು ಕೆಲಸ ಮಾಡಿದವರಿಗೆ ರಾತ್ರಿ ಉಬ್ಬಸ ಬರುವುದು ಇದರ ಲಕ್ಷಣ. ಹಾಗಾಗಿಯೇ ಕೆಲಸಕ್ಕೂ ಕಾಯಿಲೆಗೂ ಇರುವ ಗಂಟು ಕಣ್ಣಿಗೆ ಬೀಳುವುದಿಲ್ಲ. ಹೀಗೆ ಒಮ್ಮೆ ಆದವರು ಈ ಅಂಟಿನ ಹತ್ತಿರ ಮತ್ತೆ ಸುಳಿಯಬಾರದು.

ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಈ ಬಗೆಯ ವಸ್ತು ನೂರಕ್ಕೆ 0.1 ಭಾಗಕ್ಕಿಂತ ಹೆಚ್ಚಿರುವ ಅಂಟನ್ನು ವೃತ್ತಿಯಲ್ಲಿ ಬಳಸುವವರು 2023ರ ಆಗಸ್ಟ್‌ನಿಂದ ತರಬೇತಿ ಪಡೆದಿರಲೇಬೇಕು. ನಮ್ಮ ಗೌಂಡಿಗೆ ಅಂಗಡಿಯವನು ಹೇಳಿದ್ದೇ ತರಬೇತಿ. ಆದ್ದರಿಂದ ಮನೆಯವರಾದ ನೀವು ತಿಳಿದಿರಬೇಕು. ಅಂಟಿಗೆ ಮುಂಚೆ ಹಚ್ಚುವ ತೆಳು ದ್ರವಕ್ಕೆ ಪ್ರೈಮರ್ ಎನ್ನುತ್ತಾರೆ. ಕೆಲವು ಪ್ರೈಮರುಗಳಲ್ಲಿ ದ್ರಾವಕವೂ ಐಸೊಸಯನೇಟೂ ಎರಡೂ ಇರುತ್ತವೆ. ಅದನ್ನು ಹಚ್ಚುವಾಗ ಕೈಗವಸು, ಗಾಳಿ, ಕಣ್ಣಿಗೆ ಕನ್ನಡಕ ಮೂರೂ ಬೇಕು.

ಕೆಲಸದ ಕ್ರಮ

1. ಅಸ್ತಮಾ ಇದ್ದವರು, ಬಸುರಿಯರು, ಮಕ್ಕಳು, ವಯಸ್ಸಾದವರನ್ನು ಕೆರೆಯುವ ಮತ್ತು ಹಚ್ಚುವ ದಿನ ದೂರವಿಡಿ. ಕುಡಿಯುವ ನೀರು, ಅಡುಗೆ, ಹಾಸಿಗೆ ಮುಚ್ಚಿಡಿ.

2. ಸಡಿಲವಾದ ಗಾರೆ, ಹಳೆಯ ಅಂಟು, ಡಾಂಬರನ್ನು ಒದ್ದೆ ಮಾಡಿ ಪೂರ್ತಿ ತೆಗೆಯಿರಿ. ಗಟ್ಟಿ ನೆಲೆ ಸಿಗುವವರೆಗೆ ಬಿಡಬೇಡಿ. ಪಾಚಿ ತೊಳೆಯಿರಿ.

3. ಎರಡು ದಿನ ಬಿಸಿಲಿಗೆ ಒಣಗಲು ಬಿಡಿ. ಒಣಗಿದೆಯೇ ಎಂದು ತಿಳಿಯಲು ಸಂಜೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ. ಮರುದಿನ ಹಾಳೆಯ ಅಡಿ ಹನಿ ಕಟ್ಟಿದ್ದರೆ ಇನ್ನೂ ಒಳಗೆ ತೇವವಿದೆ, ಕಾಯಿರಿ. ಹೊಸ ಸಿಮೆಂಟು ಹಾಕಿದ್ದರೆ ಸುಮಾರು 28 ದಿನ ಬಿಡಬೇಕು.

4. ಉಳಿದ ಪುಡಿಯನ್ನು ಸ್ವಲ್ಪವೇ ಒದ್ದೆಯಾದ ಬಟ್ಟೆಯಿಂದ ಎತ್ತಿ ಮತ್ತೆ ಒಣಗಿಸಿ. ಬಾಯಿಂದ ಊದಿ ಧೂಳು ಹಾರಿಸುವುದು ಬೇಡ. ಊದಿದವನ ಕಣ್ಣಿಗೇ ಅದು ಬೀಳುತ್ತದೆ.

5. ಸಂದಿ ಆಳವಾಗಿದ್ದರೆ ಮೊದಲು ಫೋಮಿನ ಬತ್ತಿ ತುರುಕಿ. ಅಗಲ ಒಂದು ಅಂಗುಲವಾದರೆ ಅಂಟಿನ ಆಳ ಅರ್ಧ ಅಂಗುಲ ಸಾಕು. ಅಂಟೂ ಉಳಿಯುತ್ತದೆ, ಹಿಗ್ಗುವ ಗುಣವೂ ಉಳಿಯುತ್ತದೆ.

6. ಉದ್ದ ತೋಳಿನ ಅಂಗಿ, ನೈಟ್ರೈಲ್ ಕೈಗವಸು ಹಾಕಿ, ಇಬ್ಬನಿ ಆರಿದ ಮೇಲೆ ಬೆಳಗಿನ ಹೊತ್ತು ಹಚ್ಚಿ. ನೀರು, ಉಗುಳು ತಾಗಿಸಿದ ಬೆರಳಿನಿಂದ ಸವರಬೇಡಿ. ಕಾದ ಕಲ್ಲಿನ ಮೇಲೆ ಆವಿ ಹೆಚ್ಚು ಏಳುತ್ತದೆ, ಅಂಟೂ ಸರಿಯಾಗಿ ಕೂರುವುದಿಲ್ಲ.

7. ಮೇಲ್ಪದರ ಒಂದೆರಡು ಗಂಟೆಯಲ್ಲಿ ಒಣಗಿದಂತೆ ಕಂಡರೂ ಒಳಗೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟೇ ಗಟ್ಟಿಯಾಗುತ್ತದೆ. ವಾರ ಕಾಲ ಆ ಮಾಳಿಗೆಯ ನೀರನ್ನು ಕುಡಿಯಲು ಹಿಡಿಯಬೇಡಿ, ಹಪ್ಪಳ ಸಂಡಿಗೆ ಒಣಹಾಕಬೇಡಿ. ಕುಡಿಯುವ ನೀರಿನ ತೊಟ್ಟಿಯ ಒಳಗೆ, ಅದಕ್ಕೆಂದೇ ತಯಾರಿಸಿದ್ದು ಎಂದು ಬರೆದಿರದ ಅಂಟನ್ನು ಎಂದಿಗೂ ಬಳಸಬೇಡಿ.

8. ಖಾಲಿ ಕೊಳವೆ, ಕಿತ್ತ ಹಳೆಯ ಅಂಟನ್ನು ಒಲೆಗೆ ಹಾಕಬೇಡಿ. ಸುಟ್ಟರೆ ಸಯನೈಡ್ ಸೇರಿದ ಹೊಗೆ ಬರುತ್ತದೆ. ಕೆಲಸದ ಬಟ್ಟೆ ಬದಲಿಸಿ, ಕೈಕಾಲು ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಬಿಸಿಲೂ ಒಂದು ವಿಷವೇ

ಈ ಕೆಲಸ ಬೀಳುವುದು ಸುಡುಬೇಸಿಗೆಯಲ್ಲಿ, ಮಾಳಿಗೆಯ ಮೇಲೆ. ಮೇಲಿಂದ ಸೂರ್ಯ, ಕೆಳಗಿಂದ ಕಾದ ಫರಸಿ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಇಳಿಹೊತ್ತಿನಲ್ಲಿ ಕೆಲಸ ಮಾಡಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕಲಸಿಟ್ಟುಕೊಂಡು ಆಗಾಗ ಕುಡಿಯಿರಿ. ಕೆಲಸದವನಿಗೂ ಕೊಡಿ. ಮೈ ಸುಡುತ್ತಿದ್ದು, ಮಾತು ತೊದಲಿದರೆ ಅದು ಉಷ್ಣಾಘಾತ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಕೈಪಿಡಿ ಗೋಡೆ ಇಲ್ಲದ ಮಾಳಿಗೆಯಲ್ಲಿ ಹಿಂದೆ ಹಿಂದೆ ಸರಿಯುತ್ತಾ ಕೆಲಸ ಮಾಡಬೇಡಿ.

ಅವಘಡವಾದರೆ

ಕಣ್ಣಿಗೆ ಅಂಟು, ತಿನ್ನರ್ ಅಥವಾ ಬ್ಲೀಚಿಂಗ್ ಸಿಡಿದರೆ ಉಜ್ಜದೆ, ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆಯಿರಿ. ಆಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ. ಚರ್ಮಕ್ಕೆ ಹತ್ತಿದ ಹಸಿ ಅಂಟನ್ನು ಒಣಬಟ್ಟೆಯಿಂದ ಒರೆಸಿ, ಅಡುಗೆ ಎಣ್ಣೆ ಸವರಿ, ಸಾಬೂನಿನಿಂದ ತೊಳೆಯಿರಿ. ತಿನ್ನರ್, ಪೆಟ್ರೋಲು ಹಾಕಿ ಉಜ್ಜಿದರೆ ವಿಷ ಚರ್ಮದೊಳಗೆ ಇನ್ನಷ್ಟು ಇಳಿಯುತ್ತದೆ. ಒಣಗಿ ಉಳಿದ ಕಲೆ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ.

ಯಾರಾದರೂ ತಿನ್ನರ್ ಕುಡಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಬರುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಉಬ್ಬಸ ಬಂದವರನ್ನು ಬಯಲಿಗೆ ತಂದು ಕೂರಿಸಿ. ಅಸ್ತಮಾ ಪಂಪು ಇದ್ದರೆ ಕೊಡಿ. ಮಾತನಾಡಲೂ ಆಗದಷ್ಟು ದಮ್ಮು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಬೆಲ್ಲ ತಿಂದರೆ ಸಾಕೇ?

ಧೂಳಿನ ಕೆಲಸ ಮಾಡಿ ಬೆಲ್ಲ ತಿಂದರೆ ಧೂಳೆಲ್ಲ ಇಳಿದುಹೋಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಕಬ್ಬಿನ ಸೀಮೆಯಲ್ಲಿ ಬೆಲ್ಲಕ್ಕೆ ಬರವಿಲ್ಲ. ಬೆಲ್ಲ ತಿನ್ನಿ, ಗಂಟಲಿಗೆ ಹಿತವಾಗುತ್ತದೆ. ಆದರೆ ಬೆಲ್ಲ ಹೋಗುವುದು ಅನ್ನನಾಳಕ್ಕೆ, ಧೂಳು ಹೋದದ್ದು ಶ್ವಾಸನಾಳಕ್ಕೆ. ದಾರಿಗಳೇ ಬೇರೆ. ಹಾಲು, ಬಾಳೆಹಣ್ಣಿನ ಮಾತೂ ಅಷ್ಟೇ. ಒಳಗೆ ಹೋದ ಧೂಳನ್ನು ತೆಗೆಯುವ ಪಥ್ಯವಿಲ್ಲ. ಹೋಗದಂತೆ ತಡೆಯುವುದೊಂದೇ ದಾರಿ.

ಇಷ್ಟಾಗಿಯೂ ಕೆಮ್ಮು ವಾರ ಕಳೆದರೂ ನಿಲ್ಲದಿದ್ದರೆ, ರಾತ್ರಿ ಎದೆ ಬಿಗಿದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಮೊದಲ ಮಾತಾಗಿ ನೀವು ಮಾಡಿದ ಕೆಲಸವನ್ನು ಹೇಳಿ: ಏನು ಕೆರೆದಿರಿ, ಯಾವುದರಿಂದ ಒರೆಸಿದಿರಿ, ಯಾವ ಅಂಟು ಹಚ್ಚಿದಿರಿ. ಅರ್ಧ ರೋಗನಿರ್ಣಯ ಆ ಒಂದು ಮಾತಿನಲ್ಲೇ ಆಗುತ್ತದೆ. ನಿಮ್ಮ ಮನೆಗೆ ಕೆಲಸಕ್ಕೆ ಬಂದವನಿಗೆ ಕೂಲಿಯ ಜೊತೆಗೆ ಒಂದು ಒಳ್ಳೆಯ ಮುಖಗವಸು, ಒಂದು ಜೊತೆ ಕೈಗವಸು ಕೊಡಿ. ಅಂಟಿನ ಒಂದು ಕೊಳವೆಗೆ ಕೊಡುವ ಹಣದ ಮುಂದೆ ಅವುಗಳ ಬೆಲೆ ದೊಡ್ಡದಲ್ಲ. ಬಿರುಕು ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಮುಚ್ಚಬಹುದು. ಗಾಯಗೊಂಡ ಶ್ವಾಸಕೋಶಕ್ಕೆ ಹಚ್ಚಲು ಯಾವ ಅಂಗಡಿಯಲ್ಲೂ ಅಂಟು ಸಿಗುವುದಿಲ್ಲ.